ನಮ್ಮ ಮನೆಯಲ್ಲಿ ಕಟ್ಟಿದ ಬಸ್ಸು

ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮದೊಂದು ಹಳೆಯ ಹೆಂಚಿನ ಮನೆಯುಂಟು. ಮೂವತ್ತು ವರ್ಷಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಸಂಸ್ಕೃತೋಪಾಧ್ಯಾಯರಾಗಿದ್ದು ಈಚೆಗೆ ನಿವೃತ್ತಿ ಹೊಂದಿದ ನಾವು, ಇನ್ನು ಮೇಲೆ ಬೆಳಗಿನ ಹೊತ್ತು ಜಗಲಿಯಲ್ಲಿ ಕುಳಿತು ಚಾಮರಾಜಪುರಂ ನಿಲ್ದಾಣಕ್ಕೆ ಬಂದುಹೋಗುವ ರೈಲುಗಾಡಿಯ ಕೂಗನ್ನು ಕೇಳುತ್ತ, ಹಿಂದೆ ಓದಿದ ಗ್ರಂಥಗಳನ್ನೇ ಮತ್ತೊಮ್ಮೆ ತಿರುವಿಹಾಕುತ್ತ ಕಾಲ ಕಳೆಯಬೇಕೆಂದು ಸಂಕಲ್ಪಿಸಿದ್ದೆವು. ಹೋದ ವರ್ಷದ ಜೂನ್ ತಿಂಗಳಲ್ಲಿ ಆ ಸಂಕಲ್ಪವು ಮುರಿಯಿತು. ಶಿವಮೊಗ್ಗೆಯಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನು ತನ್ನ ಮಗನನ್ನು ಪಿ.ಯು.ಸಿ. ವ್ಯಾಸಂಗಕ್ಕಾಗಿ ನಮ್ಮಲ್ಲಿ ತಂದುಬಿಟ್ಟನು. ಹುಡುಗನೊಡನೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಯಾರೋ ಬಳಸಿ ಮಾರಿದ ಒಂದು ಕಂಪ್ಯೂಟರು, ಇಷ್ಟೂ ಬಂದುವು.

ಹುಡುಗರ ಆಟದ ಬಸ್ಸನ್ನು ಕಟ್ಟಲು ಯಾವ ತಂತ್ರಾಂಶವು ಯೋಗ್ಯವೆಂಬ ವಿಷಯವಾಗಿ ನಾವು ಲೇಖನ ಬರೆಯುವೆವೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು. ಈಗ ಬರೆಯಬೇಕಾಗಿ ಬಂದುದಕ್ಕೆ ಕಾರಣವು ನಮ್ಮ ಪಾಂಡಿತ್ಯವಲ್ಲ, ನಮ್ಮದೊಂದು ತಪ್ಪು. ನಮ್ಮಂತೆಯೇ ಮನೆಯಲ್ಲಿ ಇಂತಹ ಹುಡುಗರನ್ನು ಇಟ್ಟುಕೊಂಡಿರುವ ಗೃಹಸ್ಥರು ಆ ತಪ್ಪನ್ನು ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಆಟದ ಮಾತು. ರಾತ್ರಿ ಊಟವಾದ ಮೇಲೆ ಹುಡುಗನ ಕೋಣೆಯಿಂದ ಎಂಜಿನ್ನಿನ ಗುಡುಗು ಕೇಳಿಬರುತ್ತಿತ್ತು. ಒಳಗೆ ಹೋಗಿ ನೋಡಿದರೆ ತೆರೆಯ ಮೇಲೆ ರಸ್ತೆ, ಮಳೆ, ದೀಪಗಳು. ಹುಡುಗನು ಕೀಲಿಮಣೆಯನ್ನು ಒತ್ತುತ್ತ ಭಾರಿ ಲಾರಿಯೊಂದನ್ನು ನಡೆಸುತ್ತಿದ್ದನು. ಶತ್ರುವಿಲ್ಲ, ಯುದ್ಧವಿಲ್ಲ, ಗೆಲುವೆಂಬುದೂ ಇಲ್ಲವೆಂದೇ ಹೇಳಬೇಕು. ಸರಕನ್ನು ಹೇರಿಕೊಂಡು ನಿಯಮದಂತೆ ಊರಿಂದೂರಿಗೆ ಮುಟ್ಟಿಸುವುದೇ ಆಟ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂದು ಇದರ ಹೆಸರು; ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆಯವರು 2012ರಲ್ಲಿ ಹೊರತಂದದ್ದು. ಇದರ ವಿಶೇಷವೇನೆಂದರೆ, ಆಡುವವರು ತಾವೇ ಕಟ್ಟಿದ ವಾಹನಗಳನ್ನು ಇದರೊಳಗೆ ಸೇರಿಸಿ ಓಡಿಸಬಹುದು. ಇಂಡೋನೇಷಿಯಾ ದೇಶದವರು 2017ರಲ್ಲಿ ಮೊಬೈಲಿಗೆಂದು ಹೊರಡಿಸಿದ ಬಸ್ಸಿನ ಆಟವೊಂದರಲ್ಲಿಯೂ ಇಂತಹ ಅವಕಾಶವು ಬಂದಿತು. ಕೇರಳ, ತಮಿಳುನಾಡು, ಕರ್ನಾಟಕಗಳ ತರುಣರು ತಂತಮ್ಮ ರಾಜ್ಯದ ಸಾರಿಗೆ ಬಸ್ಸುಗಳನ್ನು ಬಣ್ಣ, ಬರಹ, ಫಲಕಗಳ ಸಮೇತ ಅದರೊಳಗೆ ಇಳಿಸಿರುವರು. ಹಣಕ್ಕಾಗಿ ಮಾಡುವವರೂ ಇದ್ದಾರು. ಬಹುಮಂದಿ ಮಾಡುವುದು ಪ್ರೀತಿಗಾಗಿ.

ಹೀಗಿರಲಾಗಿ ಒಂದು ದಿನ ಹುಡುಗನು ನಮ್ಮ ಹತ್ತಿರ ಬಂದು, “ದೊಡ್ಡಪ್ಪ, ತಾತನ ಫೋಟೋ ಒಂದಿದೆಯಂತಲ್ಲ, ಬಸ್ಸಿನ ಪಕ್ಕ ನಿಂತಿರೋದು, ಅದನ್ನು ಕೊಡ್ತೀರಾ?” ಎಂದು ಕೇಳಿದನು.

ನಮ್ಮ ತಂದೆಯವರು ಸರ್ಕಾರಿ ಬಸ್ಸಿನ ಚಾಲಕರಾಗಿದ್ದರು. ಮೈಸೂರು ಸಂಸ್ಥಾನದ ಸರ್ಕಾರವು ರಸ್ತೆ ಸಾರಿಗೆ ಇಲಾಖೆಯನ್ನು ತೆರೆದದ್ದು 1948ರ ಸೆಪ್ಟೆಂಬರಿನಲ್ಲಿ. ಅದು ನಿಗಮವಾಗಿ ಮಾರ್ಪಟ್ಟದ್ದು 1961ರಲ್ಲಿ. ಆಮೇಲೆ ಒಂದೆರಡು ವರ್ಷಗಳಲ್ಲಿ ನಮ್ಮ ತಂದೆಯವರು ಸೇರಿ, ಬಹುಕಾಲ ಮೈಸೂರಿನಿಂದ ನಂಜನಗೂಡಿನ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸನ್ನು ನಡೆಸಿದರು. ಅವರು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಈ ಹುಡುಗನು ಅವರನ್ನು ನೋಡಿದವನಲ್ಲ. ಚಿತ್ರವೊಂದೇ ಉಳಿದಿದೆ. ಹಿಂಬದಿಯಲ್ಲಿ 1972 ಎಂದು ಅವರ ಕೈಬರಹ. ಖಾಕಿ ಉಡುಪಿನಲ್ಲಿ ಚಾಲಕನ ಬಾಗಿಲಿಗೆ ಒರಗಿ ನಿಂತಿದ್ದಾರೆ. ಬಸ್ಸಿನ ಮುಖವೂ ಬಲ ಪಾರ್ಶ್ವದ ಅರ್ಧವೂ ಕಾಣುತ್ತವೆ, ಉಳಿದದ್ದು ಚೌಕಟ್ಟಿನ ಹೊರಗೆ. ಕಪ್ಪು ಬಿಳುಪಿನ ಚಿತ್ರ. ಅಂತಹ ಬಸ್ಸು ಈಗ ಯಾವ ರಸ್ತೆಯಲ್ಲಿಯೂ ಓಡದು. ಅದನ್ನು ತೆರೆಯ ಮೇಲೆ ಕಟ್ಟಿ ಓಡಿಸಿ, ಎಂಬತ್ತನಾಲ್ಕು ವರ್ಷದ ತನ್ನ ಅಜ್ಜಿಗೆ, ಎಂದರೆ ನಮ್ಮ ತಾಯಿಯವರಿಗೆ, ತೋರಿಸಬೇಕೆಂಬುದು ಹುಡುಗನ ಆಸೆ. ಅವರ ಒಂದು ಕಣ್ಣು ಮಬ್ಬಾಗಿ ಬಹಳ ಕಾಲವಾಗಿದೆ. ಮತ್ತೊಂದೂ ಮಬ್ಬಾಗುತ್ತ ಬರುತ್ತಿದೆ. ಬೇಗ ಆಗಬೇಕು ಎಂದು ಅವನು ಹೇಳಲಿಲ್ಲ, ನಾವೇ ತಿಳಿದುಕೊಂಡೆವು.

ಕಟ್ಟುವ ಉಪಕರಣ ಯಾವುದಾಗಬೇಕೆಂದು ಅವನು ನಮ್ಮನ್ನೇ ಕೇಳಿದನು. ಕೇಳಬಾರದಾಗಿತ್ತು, ಕೇಳಿದಾಗ ನಮಗೆ ತಿಳಿಯದೆಂದು ನಾವಾದರೂ ಹೇಳಬೇಕಾಗಿತ್ತು. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಆ ಒಂದು ಮಾತು ಬರುವುದು ಕಷ್ಟ. ಅವನ ಗೆಳೆಯರು ನಾಲ್ಕೈದು ಹೆಸರುಗಳನ್ನು ಹೇಳಿದ್ದರು. ನಾವು ಒಂದು ಸಂಜೆ ಕುಳಿತು ಪ್ರತಿಯೊಂದನ್ನೂ ತೆರೆಸಿ ನೋಡಿದೆವು. ಬ್ಲೆಂಡರ್ ಎಂಬುದನ್ನು ತೆರೆದಾಗ ತೆರೆಯ ತುಂಬ ಗುಂಡಿಗಳೂ ಪಟ್ಟಿಗಳೂ ಕಂಡು ತಲೆ ತಿರುಗಿತು. ಸ್ಕೆಚ್‌ಅಪ್ ಎಂಬುದು ಬಿಳಿಯ ಹಾಳೆಯಂತೆ ಶಾಂತವಾಗಿತ್ತು. ಚೌಕವೊಂದನ್ನು ಬರೆದು ಮೇಲಕ್ಕೆ ಎಳೆದರೆ ಪೆಟ್ಟಿಗೆಯಾಗುತ್ತಿತ್ತು. 2000ದಲ್ಲಿ ಹುಟ್ಟಿ, ಮನೆ ಕಟ್ಟುವ ಶಿಲ್ಪಿಗಳಲ್ಲಿ ಬಹು ಪ್ರಚಾರಕ್ಕೆ ಬಂದ ತಂತ್ರಾಂಶವದು. “ಮೊದಲು ಅಕ್ಷರಾಭ್ಯಾಸ, ಆಮೇಲೆ ಕಾವ್ಯ. ಸುಲಭವಾದುದನ್ನೇ ಹಿಡಿ” ಎಂದು ತೀರ್ಪು ಕೊಟ್ಟೆವು. ಹುಡುಗನು ತಲೆಯಲ್ಲಾಡಿಸಿ ಅದನ್ನೇ ಹಿಡಿದನು.

ಜೂನಿನಿಂದ ದಸರೆಯವರೆಗೆ, ಓದು ಮುಗಿದ ಮೇಲೆ ದಿನಕ್ಕೊಂದು ಗಂಟೆ, ಭಾನುವಾರ ನಾಲ್ಕು ಗಂಟೆ, ಅವನು ಕಟ್ಟಿದನು. ನಾವು ಹೋಗಿ ನೋಡಿದಾಗಲೆಲ್ಲ ಸಂತೋಷವಾಗುತ್ತಿತ್ತು. ಕಿಟಕಿಗಳು, ಸರಳುಗಳು, ಮಾಳಿಗೆಗೆ ಹತ್ತುವ ಏಣಿ, ಚಕ್ರದ ಒಂದೊಂದು ಬೋಲ್ಟೂ ಅಲ್ಲಿತ್ತು. ಆಯುಧಪೂಜೆಯ ದಿನ ಅದನ್ನು ಆಟದೊಳಕ್ಕೆ ಇಳಿಸುವುದೆಂದು ನಿಶ್ಚಯವಾಗಿತ್ತು. ಮನೆಯವರು ಕಂಪ್ಯೂಟರಿಗೂ ಕುಂಕುಮವಿಟ್ಟು ಹೂ ಮುಡಿಸಿದ್ದರು.

ಆಟದೊಳಕ್ಕೆ ಹೋಗಬೇಕಾದರೆ ಬಸ್ಸು ಮೊದಲು ತಂತ್ರಾಂಶದಿಂದ ಹೊರಬರಬೇಕಷ್ಟೆ. ಹೊರಬರುವ ಬಾಗಿಲುಗಳು ಹಲವು ಬಗೆಯವು. ಹಣ ಕೊಡದೆ ಬಳಸುವ ಸ್ಕೆಚ್‌ಅಪ್ಪಿನಲ್ಲಿ ಅವನಿಗೆ ಸಿಕ್ಕಿದ್ದು ಎಸ್‌ಟಿಎಲ್ ಎಂಬ ಕಿರುಬಾಗಿಲೊಂದೇ. ಆ ರೂಪದಲ್ಲಿ ಆಕೃತಿ ಮಾತ್ರ ಹೊರಕ್ಕೆ ಬರುತ್ತದೆ. ಬಣ್ಣ ಬರುವುದಿಲ್ಲ, ಭಾಗಗಳ ಹೆಸರು ಬರುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಅಳತೆಯ ಅಂಕಿಗಳು ಬರುತ್ತವೆ, ಅವು ಅಂಗುಲವೋ ಮೀಟರೋ ಎಂಬುದು ಬರುವುದಿಲ್ಲ. ಹುಡುಗನು ಅಂಗುಲದ ಲೆಕ್ಕದಲ್ಲಿ ಕಳುಹಿಸಿದನು; ಆಚೆ ಕಡೆ, ಆಟಕ್ಕೆ ಸಿದ್ಧಪಡಿಸುವ ತಂತ್ರಾಂಶವು ಮೀಟರೆಂದು ಓದಿಕೊಂಡಿತು. ಹತ್ತು ಮೀಟರು ಉದ್ದದ ಬಸ್ಸು 393 ಮೀಟರು ಉದ್ದವಾಗಿ ಎದ್ದುನಿಂತಿತು. ಅದನ್ನು ಕುಗ್ಗಿಸಿದ್ದಾಯಿತು. ಆಗ ನೋಡಿದರೆ ಮೈಯಲ್ಲೆಲ್ಲ ತೂತುಗಳು. ಇಂತಹ ಆಕೃತಿಗಳಲ್ಲಿ ಪ್ರತಿಯೊಂದು ಹಲಗೆಗೂ ಒಂದು ಮುಖ, ಒಂದು ಬೆನ್ನು ಇರುವುದಂತೆ. ಆಟವು ಶ್ರಮವನ್ನು ಉಳಿಸಿಕೊಳ್ಳಲು ಬೆನ್ನನ್ನು ಬರೆಯುವುದೇ ಇಲ್ಲ. ಸ್ಕೆಚ್‌ಅಪ್ಪಿನಲ್ಲಿ ಎರಡೂ ಕಡೆ ಕಾಣುತ್ತಿದ್ದುದರಿಂದ ಹುಡುಗನು ಎಷ್ಟೋ ಹಲಗೆಗಳನ್ನು ಬೆನ್ನು ಹೊರಗಾಗಿ ಇಟ್ಟಿದ್ದನು. ಇನ್ನು ಚಕ್ರಗಳು. ಚಕ್ರವು ತನ್ನ ನಡುವಿನ ಬಿಂದುವನ್ನು ಸುತ್ತಬೇಕಾದರೆ ಅದು ಬೇರೆಯೇ ವಸ್ತುವಾಗಿದ್ದು ಅದರ ಮೂಲಬಿಂದು ಅದರ ನಡುವೆಯೇ ಇರಬೇಕು. ಇವನದು ಎಲ್ಲವೂ ಒಂದೇ ಮುದ್ದೆಯಾಗಿ ಬಂದಿತ್ತು. ಕತ್ತರಿಸಿ ಬೇರ್ಪಡಿಸಿ ತಿರುಗಿಸಿದರೆ ಚಕ್ರಗಳು ಗ್ರಹಗಳಂತೆ ಬಸ್ಸಿನ ಹೊಟ್ಟೆಯನ್ನು ಪ್ರದಕ್ಷಿಣೆ ಮಾಡಿದವು.

ನಾವು ನಕ್ಕೆವು. ನಗಬಾರದಾಗಿತ್ತು. ಹುಡುಗನು ಯಂತ್ರವನ್ನು ಆರಿಸಿ, ಹೂವನ್ನು ತೆಗೆದು ದೇವರ ಮನೆಯ ತಟ್ಟೆಯಲ್ಲಿಟ್ಟು, ಹೊರಗೆ ಹೋದನು. ಜಂಬೂ ಸವಾರಿಗೂ ಬರಲಿಲ್ಲ.

ಮುಂದಿನ ಮೂರು ವಾರ ಬಸ್ಸಿನ ಮಾತೇ ಇಲ್ಲ. ಅಷ್ಟರಲ್ಲಿ ಕಾಲೇಜಿನ ಪರೀಕ್ಷೆಯ ಅಂಕಗಳು ಬಂದವು, ಗಣಿತದಲ್ಲಿ ಇಳಿದಿದ್ದವು. ತಮ್ಮನು ದೂರವಾಣಿಯಲ್ಲಿ, “ಅಣ್ಣಾ, ಆ ಡಬ್ಬವನ್ನು ಕಟ್ಟಿ ಅಟ್ಟದ ಮೇಲಿಡು. ನಿನ್ನ ಹತ್ತಿರ ಬಿಟ್ಟದ್ದು ಇದಕ್ಕಲ್ಲ” ಎಂದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ನಾಲ್ಕು ತಿಂಗಳ ಶ್ರಮವು ಹಾಳಾದದ್ದು ಹುಡುಗನ ಆಲಸ್ಯದಿಂದಲ್ಲ, ನಮ್ಮ ತೀರ್ಪಿನಿಂದ. ಅದನ್ನು ತಮ್ಮನಿಗೆ ಹೇಳಿದೆವು. ವಾರಕ್ಕೆ ಆರು ಗಂಟೆ ಮೀರಕೂಡದು, ಮುಂದಿನ ಪರೀಕ್ಷೆಯಲ್ಲಿ ಅಂಕ ಏರದಿದ್ದರೆ ಅಟ್ಟವೇ ಗತಿ ಎಂಬ ಕರಾರಿನ ಮೇಲೆ ಅವನು ಒಪ್ಪಿದನು.

ಅದೇ ವಾರ ಗೆಳೆಯನೊಬ್ಬನು ಕಿರುಬೆರಳಿನಷ್ಟು ದೊಡ್ಡ ಪೆನ್‌ಡ್ರೈವೊಂದರಲ್ಲಿ ತ್ರೀಡಿಎಸ್ ಮ್ಯಾಕ್ಸ್ ಎಂಬ ದೊಡ್ಡ ತಂತ್ರಾಂಶದ ಕಳ್ಳಪ್ರತಿಯನ್ನು ತಂದುಕೊಟ್ಟನು. ಆಟಗಳನ್ನು ಕಟ್ಟುವ ದೊಡ್ಡ ಸಂಸ್ಥೆಗಳು ಬಳಸುವ ಉಪಕರಣವದು. ವರ್ಷ ವರ್ಷ ತೆರಬೇಕಾದ ಬೆಲೆಯು ನಮ್ಮಂಥವರಿಗೆ ಎಟುಕುವಂತಹುದಲ್ಲ. ವಿದ್ಯಾರ್ಥಿಗಳಿಗೆ ಅದರ ಒಡೆಯರೇ ವಿನಾಮೂಲ್ಯವಾಗಿ ಕೊಡುವ ಏರ್ಪಾಡೊಂದಿದೆ, ಅದಕ್ಕೆ ವಿದ್ಯಾರ್ಥಿಯೆಂಬ ಪುರಾವೆ ಬೇಕು, ವಿದ್ಯಾರ್ಥಿದೆಸೆ ಮುಗಿದೊಡನೆ ಏರ್ಪಾಡೂ ಮುಗಿಯುತ್ತದೆ. ಕಳ್ಳಪ್ರತಿಗೆ ಈ ತೊಡಕೊಂದೂ ಇಲ್ಲ. ಪೆನ್‌ಡ್ರೈವನ್ನು ಹಿಂದಿರುಗಿಸಬೇಕೆಂದು ನಾವು ಹೇಳುವ ಮೊದಲೇ ಹುಡುಗನು, “ತಾತನ ಬಸ್ಸು ದೊಡ್ಡಪ್ಪ, ಕದ್ದ ಸಾಮಾನಿನಲ್ಲಿ ಬೇಡ” ಎಂದು ಅದನ್ನು ಕೊಟ್ಟುಬಿಟ್ಟನು. ನಮಗೆ ಹೇಳಲು ಏನೂ ಉಳಿಯಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ನಮ್ಮ ಶಾಸ್ತ್ರಗ್ರಂಥಗಳನ್ನು ಆರಂಭಿಸುವಾಗ ಅನುಬಂಧ ಚತುಷ್ಟಯವೆಂದು ನಾಲ್ಕು ಪ್ರಶ್ನೆಗಳನ್ನು ಎತ್ತುವುದುಂಟು: ಇದರ ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಗ್ರಂಥಕ್ಕೂ ಸಂಬಂಧವೇನು, ಇದನ್ನು ಓದಲು ಅಧಿಕಾರಿ ಯಾರು. ಇವನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದೆವು. ಸ್ಕೆಚ್‌ಅಪ್ಪನ್ನು ಆರಿಸಿದಾಗ ನಾವು ನೋಡಿದ್ದು ಅಧಿಕಾರಿಯನ್ನೊಬ್ಬನನ್ನೇ. ಹುಡುಗನು ಹೊಸಬ, ಆದುದರಿಂದ ಸುಲಭವಾದುದು ಸಾಕು ಎಂದೆವು. ಸಂಬಂಧವನ್ನು ಕೇಳಲೇ ಇಲ್ಲ. ಈ ಉಪಕರಣದಿಂದ ಹೊರಟ ಬಸ್ಸು ಆ ಆಟದ ಬಾಗಿಲಿಗೆ ಹೇಗೆ ಮುಟ್ಟೀತು ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆಯಾಗಿತ್ತು. ಸ್ಕೆಚ್‌ಅಪ್ಪಿನದೇನೂ ದೋಷವಿಲ್ಲ, ಮನೆ ಕಟ್ಟುವವರಿಗೆ ಅದು ಬಹು ಯೋಗ್ಯ. ನಂಜನಗೂಡಿಗೆ ಹೋಗಬೇಕಾದವನು ಮಡಿಕೇರಿಯ ಬಸ್ಸನ್ನು ಹತ್ತಿ, ಸೀಟು ಮೆತ್ತಗಿತ್ತೆಂದು ಹೇಳಿದಂತಾಯಿತು ನಮ್ಮ ಕತೆ.

ಮರುದಿನ ಇಬ್ಬರೂ ಕುಳಿತು, ಕೊನೆಯಿಂದ ಮೊದಲಿಗೆ ಎಂಬಂತೆ ವಿಚಾರ ಮಾಡಿದೆವು. ಬಸ್ಸು ಓಡಬೇಕಾದುದು ಎಲ್ಲಿ? ಯೂರೋ ಟ್ರಕ್ಕಿನಲ್ಲಿ. ಆ ಆಟದವರು ಹೊರಗಿನ ವಾಹನವನ್ನು ಯಾವ ರೂಪದಲ್ಲಿ ಒಳಗೆ ಬಿಡುತ್ತಾರೆ? ತಮ್ಮದೇ ಆದ ಒಂದು ರೂಪದಲ್ಲಿ. ಆ ರೂಪಕ್ಕೆ ಪರಿವರ್ತಿಸುವ ಸಾಧನವನ್ನು ಯಾರು ಕೊಡುತ್ತಾರೆ? ಇಲ್ಲಿ ಗಂಟು ಬಿಚ್ಚಿತು. ಆಟವನ್ನು ಮಾಡಿದ ಸಂಸ್ಥೆಯವರೇ ಬ್ಲೆಂಡರಿಗೆ ಜೋಡಿಸಿಕೊಳ್ಳತಕ್ಕ ಸಾಧನಗಳನ್ನು ಉಚಿತವಾಗಿ ಹಂಚುತ್ತಾರೆ. ನಾವು ಗುಂಡಿಗಳಿಗೆ ಹೆದರಿ ಬಿಟ್ಟುಬಂದ ಬ್ಲೆಂಡರೇ! ಝಡ್‌ಮಾಡೆಲರ್ ಎಂಬ ಇನ್ನೊಂದುಂಟು. ಆಟದ ವಾಹನಗಳನ್ನು ಕಟ್ಟುವವರಲ್ಲಿ ಬಹುಕಾಲದಿಂದ ಹೆಸರಾದದ್ದು, ಹಲವು ಆಟಗಳ ಬಾಗಿಲಿಗೆ ನೇರವಾಗಿ ಮುಟ್ಟಿಸುತ್ತದೆ. ಇಂಡೋನೇಷಿಯಾದ ಬಸ್ಸಿನ ಆಟಕ್ಕೆ ಕಟ್ಟುವವರಲ್ಲಿ ಅನೇಕರು ಇದನ್ನೇ ಹಿಡಿದವರು. ಅದನ್ನು ಪೂರ್ಣವಾಗಿ ಬಳಸಲು ಹಣ ಕೊಟ್ಟು ಅನುಮತಿ ಪಡೆಯಬೇಕು. ನಮ್ಮ ಹುಡುಗನ ಗುರಿಯು ಮೊಬೈಲಿನ ಆಟವಾಗಿದ್ದಿದ್ದರೆ ನಾವು ಆ ಹಣವನ್ನು ಕೊಡುವ ಯೋಚನೆಯನ್ನೇ ಮಾಡುತ್ತಿದ್ದೆವೆಂದು ಕಾಣುತ್ತದೆ. ಆಟ ಬೇರೆಯಾದರೆ ತೀರ್ಪೂ ಬೇರೆ.

ಬೇರೊಂದು ಅಂಶವೂ ನಮ್ಮ ಮನಸ್ಸಿಗೆ ಬಂತು. ತ್ರೀಡಿಎಸ್ ಮ್ಯಾಕ್ಸಿನವರೇ ಹಿಂದೆ ಜಿಮ್ಯಾಕ್ಸ್ ಎಂಬ ಉಚಿತವಾದ ಕಿರಿಯ ಆವೃತ್ತಿಯೊಂದನ್ನು ಆಟಪ್ರಿಯರಿಗಾಗಿ ಕೊಟ್ಟಿದ್ದರು. ವಿಮಾನಗಳನ್ನೂ ರೈಲುಗಳನ್ನೂ ಕಟ್ಟುತ್ತಿದ್ದ ಸಹಸ್ರಾರು ಮಂದಿ ಅದನ್ನು ನೆಚ್ಚಿಕೊಂಡಿದ್ದರು. 2005ರಲ್ಲಿ ಅದನ್ನು ನಿಲ್ಲಿಸಿದರು. ಒಡೆಯನು ಅಂಗಡಿ ಮುಚ್ಚಿದರೆ ಗಿರಾಕಿಯು ಮಾಡುವುದೇನು? ಬ್ಲೆಂಡರಿನ ಚರಿತ್ರೆ ಇದಕ್ಕೆ ವಿಪರೀತವಾದದ್ದು. ಟಾನ್ ರೂಸೆಂಡಾಲ್ ಎಂಬ ಡಚ್ಚರು ಅದರ ಜನಕರು. ಅದನ್ನು ಮಾರುತ್ತಿದ್ದ ಅವರ ಕಂಪನಿಯು 2002ರಲ್ಲಿ ಮುಚ್ಚಿಹೋಯಿತು. ಹೂಡಿಕೆದಾರರ ಕೈಯಲ್ಲಿದ್ದ ಹಕ್ಕನ್ನು ಬಿಡಿಸಿಕೊಳ್ಳಲು ಒಂದು ಲಕ್ಷ ಯೂರೋ ಬೇಕಾಗಿತ್ತು. ಬಳಸುವ ಜನರೇ ಚಂದಾ ಎತ್ತಿ ಏಳು ವಾರಗಳಲ್ಲಿ ಅಷ್ಟು ಹಣವನ್ನು ಕೂಡಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ತಂತ್ರಾಂಶದ ಮೂಲಲಿಪಿಯನ್ನು ಎಲ್ಲರಿಗೂ ತೆರೆದಿಟ್ಟರು. ಅಂದಿನಿಂದ ಅದು ಯಾರೂ ಮುಚ್ಚಲಾಗದ ಸಾರ್ವಜನಿಕ ಸ್ವತ್ತಿನಂತೆ ನಡೆದುಬಂದಿದೆ. ಅದರಲ್ಲಿ ಕಟ್ಟಿದ ವಸ್ತುವೂ ಕಟ್ಟಿದವನದೇ. ಇದನ್ನು ಕೇಳಿದ ಮೇಲೆ ಗುಂಡಿಗಳ ಭಯವು ನಮಗೆ ಅರ್ಧ ಇಳಿಯಿತು. 2019ರಲ್ಲಿ ಬಂದ 2.8ನೆಯ ಆವೃತ್ತಿಯಿಂದೀಚೆಗೆ ಅದರ ಮುಖವೂ ಹಿಂದಿಗಿಂತ ಸೌಮ್ಯವಾಗಿದೆಯೆಂದು ಬಲ್ಲವರು ಹೇಳುವರು.

ಇಲ್ಲಿಯೂ ಎಡವುವುದಕ್ಕೆ ಕಲ್ಲೊಂದುಂಟು. ಹೊಸ ಆವೃತ್ತಿಯೇ ಉತ್ತಮವೆಂದು ತಿಳಿದು ಹುಡುಗನು ಎಲ್ಲಕ್ಕಿಂತ ಹೊಸದನ್ನು ಇಳಿಸಿಕೊಂಡನು. ಅವನ ಹಳೆಯ ಯಂತ್ರವು ಅದನ್ನು ತೆರೆಯಲೇ ಇಲ್ಲ. ಆಟದವರ ಸಾಧನವೂ ತನಗೆ ಹೊಂದುವ ಆವೃತ್ತಿಯನ್ನೇ ಕೇಳುತ್ತದೆ. ಪುಣ್ಯಕ್ಕೆ ಬ್ಲೆಂಡರಿನ ಹಳೆಯ ಆವೃತ್ತಿಗಳೆಲ್ಲವನ್ನೂ ಅದರವರು ಕೆಡದಂತೆ ಇಟ್ಟಿದ್ದಾರೆ. ಆಟದವರ ಸಾಧನಕ್ಕೂ ನಮ್ಮ ಯಂತ್ರಕ್ಕೂ ಒಪ್ಪುವ ಹಳೆಯದೊಂದನ್ನು ಹುಡುಕಿ ಹಾಕಿಕೊಂಡದ್ದಾಯಿತು.

ಎರಡನೆಯ ಬಸ್ಸನ್ನು ಕಟ್ಟುವಾಗ ನಾವೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು. ಜಿ ಎಂಬ ಕೀಲಿಯನ್ನು ಒತ್ತಿದರೆ ವಸ್ತುವನ್ನು ಹಿಡಿದು ಸರಿಸಬಹುದು, ಆರ್ ಒತ್ತಿದರೆ ತಿರುಗಿಸಬಹುದು, ಎಸ್ ಒತ್ತಿದರೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಹುಡುಗನು ಇಂತಹ ಇಪ್ಪತ್ತನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದನು. ಧಾತುಪಾಠದ ಹಾಗೆ ಎಂದು ನಮಗೆ ತೋರಿತು: ಧಾತುಗಳು ಕೆಲವೇ, ಅವುಗಳಿಂದ ಹೊರಡುವ ರೂಪಗಳು ಅಸಂಖ್ಯ. ತೆರೆಯ ಮೇಲಿನ ಗುಂಡಿಗಳಲ್ಲಿ ಮುಕ್ಕಾಲು ಪಾಲು ಬಸ್ಸು ಕಟ್ಟುವವನಿಗೆ ಬೇಕಾಗುವುದೇ ಇಲ್ಲವೆಂಬುದು ಒಂದು ತಿಂಗಳಲ್ಲಿ ತಿಳಿಯಿತು.

ಅಳತೆಯ ಪ್ರಶ್ನೆ ಬಂದಾಗ ನಮ್ಮ ವಿದ್ಯೆಯೂ ಸ್ವಲ್ಪ ಉಪಯೋಗಕ್ಕೆ ಬಂತು. ಚಿತ್ರದಿಂದ ಬಸ್ಸಿನ ಉದ್ದಗಲಗಳನ್ನು ತಿಳಿಯುವುದು ಹೇಗೆ? ನಮ್ಮ ಶಿಲ್ಪಿಗಳು ಮೂರ್ತಿಯ ಮುಖವನ್ನೇ ಒಂದು ತಾಲವೆಂದಿಟ್ಟುಕೊಂಡು, ನವತಾಲ, ದಶತಾಲವೆಂದು ಇಡೀ ದೇಹವನ್ನು ಅಳೆಯುತ್ತಾರೆ. ಬಸ್ಸಿನಲ್ಲಿ ಅಂತಹ ಮುಖ ಯಾವುದು ಎಂದು ಕೇಳಿದೆವು. ಹುಡುಗನು ಒಡನೆಯೇ “ಟೈರು!” ಎಂದನು. ಆ ಕಾಲದ ಲಾರಿ ಬಸ್ಸುಗಳಲ್ಲಿ ಸಾಮಾನ್ಯವಾಗಿದ್ದ 9.00-20ರ ಟೈರು ಸುಮಾರು ಒಂದು ಮೀಟರು ಎತ್ತರ. ಅದನ್ನು ಮಾನವಾಗಿಟ್ಟುಕೊಂಡು ಕಿಟಕಿ, ಮಾಳಿಗೆ, ಮುಂಗಾಜು ಎಲ್ಲವನ್ನೂ ಚಿತ್ರದ ಮೇಲೆ ಅಳೆದನು. ತಾತನ ಎತ್ತರವೂ ಲೆಕ್ಕಕ್ಕೆ ಸಿಕ್ಕಿತು. ಐದಡಿ ಆರಂಗುಲ ಬಂದಾಗ ನಾವು ಸರಿಯೆಂದೆವು.

ಲಾಘವವೆಂದು ವ್ಯಾಕರಣದವರು ಬಹುವಾಗಿ ಕೊಂಡಾಡುವ ಗುಣವೊಂದಿದೆ: ಒಂದಕ್ಷರದಲ್ಲಿ ಹೇಳಬಹುದಾದುದನ್ನು ಎರಡರಲ್ಲಿ ಹೇಳದಿರುವುದು. ಆಟದ ವಾಹನಗಳಲ್ಲಿಯೂ ಅದೇ ಧರ್ಮ. ಆಕೃತಿಗಳೆಲ್ಲವೂ ತ್ರಿಕೋಣಗಳಿಂದ ಆಗತಕ್ಕವು. ತ್ರಿಕೋಣಗಳು ಹೆಚ್ಚಿದಷ್ಟೂ ಯಂತ್ರವು ತೆವಳುತ್ತದೆ. ಮೊದಲನೆಯ ಬಸ್ಸಿನ ಬೋಲ್ಟುಗಳನ್ನು ನಾವು ಮೆಚ್ಚಿಕೊಂಡೆವಷ್ಟೆ. ಅವುಗಳ ಲೆಕ್ಕವನ್ನು ಈಗ ಹುಡುಗನು ಮಾಡಿ ತೋರಿಸಿದನು. ಸ್ಕೆಚ್‌ಅಪ್ಪಿನಲ್ಲಿ ವೃತ್ತವೆಂದರೆ, ಬೇರೆ ಹೇಳದ ಹೊರತು, ಇಪ್ಪತ್ತನಾಲ್ಕು ಬಾಹುಗಳ ಆಕೃತಿ. ಅಂತಹ ಒಂದು ಬೋಲ್ಟಿಗೆ ಸುತ್ತ 48 ತ್ರಿಕೋಣ, ತುದಿಗೊಂದರಂತೆ ಎರಡು ಮುಚ್ಚಳಕ್ಕೆ 44, ಒಟ್ಟು 92. ಚಕ್ರಕ್ಕೆ ಹತ್ತು ಬೋಲ್ಟು, ಕಾಣುವ ಚಕ್ರ ನಾಲ್ಕು: 3,680. ಅದೇ ಬೋಲ್ಟು ಆರು ಬಾಹುಗಳದಾಗಿ, ಯಾರಿಗೂ ಕಾಣದ ಹಿಂಬದಿಯ ಮುಚ್ಚಳವನ್ನು ಬಿಟ್ಟರೆ 16. ಎಲ್ಲ ಸೇರಿ 640. ನಿಜವಾದ ಬೋಲ್ಟಿನ ತಲೆಗೂ ಆರೇ ಬಾಹು. ಈ ಲೆಕ್ಕಗಳನ್ನು ಅವನು ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲೇ ಮಾಡುತ್ತಿದ್ದನೆಂಬುದನ್ನು ನಾವು ತಮ್ಮನಿಗೆ ತಿಳಿಸದೆ ಬಿಡಲಿಲ್ಲ. ಅಂಕಗಳೂ ಏರಿದವು, ಇದರಿಂದಲೇ ಏರಿದವೆಂದು ಹೇಳುವ ಧೈರ್ಯ ನಮಗಿಲ್ಲ.

ಬಣ್ಣ ಹಚ್ಚುವ ವಿಧಾನವು ನಮ್ಮ ಮನೆಯವರಿಗೆ ಎಲ್ಲರಿಗಿಂತ ಬೇಗ ಅರ್ಥವಾಯಿತು. ಬಸ್ಸಿನ ಮೈಯನ್ನು ಹೊಲಿಗೆ ಬಿಚ್ಚಿದ ರವಿಕೆಯಂತೆ ಚಪ್ಪಟೆಯಾಗಿ ಹರಡಿ, ಆ ಹಾಳೆಯ ಮೇಲೆ ಬಣ್ಣವನ್ನೂ ಬರಹವನ್ನೂ ಬರೆದು, ಮತ್ತೆ ಮೈಗೆ ಸುತ್ತುವುದು. ಹೊಲಿಗೆ ಎಲ್ಲಿ ಬರಬೇಕೆಂದು ಹುಡುಗನು ಒದ್ದಾಡುತ್ತಿದ್ದಾಗ, “ಕಂಕುಳ ಕೆಳಗೆ ಹಾಕೋ, ಯಾರಿಗೂ ಕಾಣೋದಿಲ್ಲ” ಎಂದು ಅವರು ಹೇಳಿದರು. ಮಾಳಿಗೆಯ ಅಂಚಿನ ಕೆಳಗೆ ಹಾಕಿದನು. ಬಣ್ಣ ಕೆಂಪೆಂಬುದು ನಮ್ಮ ನೆನಪು. ಕಿಟಕಿಯ ಕೆಳಗೆ ತಿಳಿಬಣ್ಣದ ಪಟ್ಟಿ. ಹೆಸರಿನ ವಿಷಯದಲ್ಲಿ ಚರ್ಚೆಯಾಯಿತು. ರಾಜ್ಯವು ಕರ್ನಾಟಕವೆಂದಾದದ್ದು 1973ರ ನವೆಂಬರ್ 1ರಂದು. ಚಿತ್ರವು ಅದಕ್ಕೂ ಹಿಂದಿನದು. ಆದುದರಿಂದ ಪಕ್ಕದಲ್ಲಿ ಮೈಸೂರು ಎಂದೇ ಬರೆಯಿಸಿದೆವು.

ಬಸ್ಸಿನ ಅರ್ಧವನ್ನು ಕಟ್ಟಿದರೆ ಉಳಿದರ್ಧವನ್ನು ಕನ್ನಡಿಯಂತೆ ತಾನೇ ತೋರಿಸುವ ಸೌಕರ್ಯವೊಂದು ಬ್ಲೆಂಡರಿನಲ್ಲಿದೆ. ಬಲ ಪಾರ್ಶ್ವವನ್ನು ಚಿತ್ರ ನೋಡಿ ಕಟ್ಟಿದ್ದಾಯಿತು. ಎಡವು ತಾನೇ ಬಂತು. ಆದರೆ ಜನ ಹತ್ತುವ ಬಾಗಿಲಿರುವುದು ಎಡಕ್ಕೆ, ಅದು ಚಿತ್ರದಲ್ಲಿಲ್ಲ. ನಾವು ಎಂಟೊಂಬತ್ತು ವರ್ಷದವರಾಗಿದ್ದಾಗ ಆ ಬಸ್ಸಿನಲ್ಲಿ ಎಷ್ಟೋ ಸಲ ಹೋದವರು. ಬಾಗಿಲು ಮುಂದಿನ ಚಕ್ರದ ಹಿಂದೆಯೇ ಇತ್ತೆಂದು ಖಂಡಿತವಾಗಿ ಹೇಳಿದೆವು. ಹುಡುಗನು ಹಾಗೆಯೇ ಮಾಡಿದನು.

ಕೊನೆಗೆ ಫೆಬ್ರುವರಿಯ ಒಂದು ಭಾನುವಾರ, ಕಿಟಕಿಯ ಪರದೆಯನ್ನು ಎಳೆದು, ತಾಯಿಯವರನ್ನು ತೆರೆಯ ಹತ್ತಿರಕ್ಕೆ ಕರೆತಂದು ಕೂರಿಸಿದೆವು. ಬಸ್ಸು ನಿಂತಿತ್ತು. ಹುಡುಗನು ಅದನ್ನು ನಿಧಾನವಾಗಿ ತಿರುಗಿಸಿದನು. ಅವರು ಬಹಳ ಹೊತ್ತು ನೋಡಿದರು. ಆಮೇಲೆ, “ಬಾಗಿಲು ಯಾಕೋ ಮಗು ಅಲ್ಲಿಟ್ಟಿದ್ದೀಯೆ?” ಎಂದರು.

“ದೊಡ್ಡಪ್ಪ ಹೇಳಿದ್ರು ಅಜ್ಜಿ.”

“ಅವನಿಗೇನು ಗೊತ್ತು?” ಎಂದರು ನಮ್ಮ ತಾಯಿಯವರು. “ಬಾಗಿಲು ಹಿಂದಿತ್ತು. ಬೆಳಿಗ್ಗೆ ಐದಕ್ಕೇ ಡ್ಯೂಟಿಗೆ ಹೋಗಿಬಿಡೋರು. ನಾನು ಕ್ಯಾರಿಯರ್ ತಗೊಂಡು ಸ್ಟ್ಯಾಂಡಿಗೆ ಹೋದರೆ ಜನ ತುಂಬಿರೋರು. ಹಿಂದಿನಿಂದ ಹತ್ತಿ, ಇವರನ್ನೆಲ್ಲ ದಾಟಿಕೊಂಡು ಮುಂದೆ ಹೋಗಿ ಕೊಡಬೇಕಾಗಿತ್ತು. ಡ್ರೈವರಮ್ಮ ಬಂದರು ದಾರಿ ಬಿಡಿ ಅನ್ನೋರು. ನನಗೆ ನಾಚಿಕೆ. ಬಾಗಿಲು ಮುಂದಿದ್ದಿದ್ದರೆ ಆ ಪಾಡೇ ಇರ್ತಿರಲಿಲ್ಲ.”

ಸಂಸ್ಕೃತ ಬಲ್ಲ ನಾವು ಬಾಯಿ ಮುಚ್ಚಿಕೊಂಡೆವು. ಬುತ್ತಿಯನ್ನು ಹೊತ್ತು ಜನಗಳ ನಡುವೆ ನಡೆದವರ ನೆನಪಿನ ಮುಂದೆ ಕಿಟಕಿಯ ಪಕ್ಕ ಕುಳಿತು ಬಂದ ಬಾಲಕನ ನೆನಪು ಎಲ್ಲಿಯದು? ಹುಡುಗನು, “ಎಷ್ಟು ಸೀಟು ದಾಟಬೇಕಿತ್ತು ಅಜ್ಜಿ?” ಎಂದು ಕೇಳಿದನು. ಅವರು ಕಣ್ಣು ಮುಚ್ಚಿ ಬೆರಳು ಮಡಿಸುತ್ತ ಎಣಿಸಿ, ಏಳೆಂದು ಹೇಳಿದರು.

ಮೊದಲನೆಯ ಬಸ್ಸಿನಲ್ಲಿ ಹೀಗಾಗಿದ್ದರೆ ಆ ಪಾರ್ಶ್ವವನ್ನೇ ಒಡೆದು ಕಟ್ಟಬೇಕಾಗುತ್ತಿತ್ತು. ಈ ಸಲ ಹುಡುಗನು ಬಾಗಿಲನ್ನು ಬೇರೆ ವಸ್ತುವಾಗಿ ಇಟ್ಟಿದ್ದನು. ಅದರ ಸುತ್ತಣ ಹಲಗೆಗಳನ್ನು ಹಿಂದಕ್ಕೆ ಸರಿಸಿ, ಮುಂದಿನ ತೆರವಿಗೆ ಕಿಟಕಿಯೊಂದನ್ನು ತುಂಬಿ, ಬಣ್ಣದ ಹಾಳೆಯಲ್ಲಿ ಆ ಒಂದು ತುಂಡನ್ನು ತಿದ್ದಿ, ಮಂಗಳವಾರ ಸಂಜೆಯ ಹೊತ್ತಿಗೆ ಮತ್ತೆ ಆಟದೊಳಕ್ಕೆ ಇಳಿಸಿದನು. ಕಾರ್ಖಾನೆಯಲ್ಲಿ ಚಾಸಿಯ ಮೇಲೆ ಮೈ ಕಟ್ಟುವವರು ಇಷ್ಟು ಬೇಗ ಮಾಡಲಾರರು.

ಬುಧವಾರ ಬೆಳಿಗ್ಗೆ ಅವರು ಮತ್ತೆ ನೋಡಲು ಕುಳಿತರು. ಹುಡುಗನು ಇಂಗ್ಲೆಂಡಿನ ಒಂದು ರಸ್ತೆಯನ್ನು ಆರಿಸಿಕೊಂಡಿದ್ದನು. ಆಟದಲ್ಲಿರುವ ದೇಶಗಳ ಪೈಕಿ ಅಲ್ಲಿ ನಮ್ಮಂತೆ ಎಡಗಡೆಯ ಚಾಲನೆ. ಕೆಂಪು ಬಸ್ಸು ಹೊರಟಿತು. ಹಸಿರು ಹೊಲಗಳು ಹಿಂದೆ ಸರಿದವು. ತಾಯಿಯವರು ತೆರೆಗೆ ಮುಖವನ್ನು ಹತ್ತಿರ ತಂದು, ಹಿಂದಿನ ಬಾಗಿಲನ್ನು ಒಮ್ಮೆ ನೋಡಿ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, “ನಂಜನಗೂಡು ಬಂತೇನೋ?” ಎಂದು ಕೇಳಿದರು.

“ಇಲ್ಲ ಅಜ್ಜಿ, ಇದು ಇಂಗ್ಲೆಂಡು.”

“ಅಷ್ಟು ದೂರ ಅವರಿಗೆ ಡ್ಯೂಟಿ ಹಾಕ್ತಿರಲಿಲ್ಲ” ಎಂದರು.

ಹುಡುಗನು ಈಗ ಕಪಿಲೆಯ ಸೇತುವೆಯನ್ನು ಅಳೆಯುವುದಕ್ಕಾಗಿ ಮುಂದಿನ ಭಾನುವಾರ ನಂಜನಗೂಡಿಗೆ ಹೋಗೋಣವೆಂದು ನಮ್ಮನ್ನು ಪೀಡಿಸುತ್ತಿದ್ದಾನೆ. ಅಳತೆಯ ಪಟ್ಟಿಯನ್ನು ಮನೆಯವರ ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ಕೇಳಿ ತೆಗೆದಿಟ್ಟಿದ್ದೇವೆ.